ರಾತ್ರಿ ಬೀಳೋ ಕರಿಬೂದಿಗೆ ಪುರಾವೆ ಹೆಂಗ ಹಿಡಿಯೋದು? (ಸ್ಪಾಂಜ್ ಐರನ್, ಕೊಪ್ಪಳ ಕಡೆ)

ಹಿರೇಹಳ್ಳದ ದಂಡಿ:
ನಮಸ್ಕಾರ್ರಿ ಎಲ್ಲಾರಿಗೂ. ಗಿಣಿಗೇರಿ, ಅಲ್ಲಾನಗರ, ಹಿರೇಬಗನಾಳ ಈ ಪಟ್ಟಿಯ ಕರಿಬೂದಿ ವಿಷಯ ಇಲ್ಲಿ ಬಾಳ ಮಂದಿಗೆ ಗೊತ್ತೈತಿ. ಹೊಸ ದೊಡ್ಡ ಉಕ್ಕಿನ ಕಾರ್ಖಾನಿ ವಿರುದ್ಧ 2025ರ ಫೆಬ್ರುವರಿಯಾಗ ಕೊಪ್ಪಳ ಬಂದ್ ಆದ ಮ್ಯಾಲೆ ಎಲ್ಲಾರ ಬಾಯಾಗೂ ಅದರದ ಮಾತು. ಈಗಾಗ್ಲೆ ಉರಿಯಾಕತ್ತಿದ ಸ್ಪಾಂಜ್ ಐರನ್ ಕಿಲ್ನ್‌ಗೋಳ (ಕಲ್ಲಿದ್ದಲು ಹಾಕಿ ಅದಿರನ್ನ ಕಬ್ಬಿಣ ಮಾಡೋ ಕುಲುಮಿ) ಮಾತು ಹಿಂದ ಉಳೀತು. ಹಗಲಿ ಚಿಮಣಿ ಸ್ವಚ್ಛ ಕಾಣತೈತಿ, ರಾತ್ರಿ ಹನ್ನೊಂದರ ಮ್ಯಾಲೆ ಸುರು. ಮುಂಜಾನಿ ಮಾಳಗಿ, ನೀರಿನ ತೊಟ್ಟಿ, ಹತ್ತಿ ಹೊಲ ಎಲ್ಲಾ ಕಡಿ ಕರಿ ಪುಡಿ. ದೂರು ಕೊಟ್ಟವರಿಗೆ ‘ನಿಗದಿತ ಮಿತಿಯೊಳಗಿದೆ’ ಅಂತ ಕಾಗದ ಬರತೈತಿ.

ಊರಿನ ಹುಡುಗ್ರು ರೊಕ್ಕ ಕೂಡಿಸಿ ಗಾಳಿ ಅಳಿಯೋ ಸಣ್ಣ ಮಷಿನ್ ತರೂಣು ಅಂತಾರ. ಯಾವುದು ತರಬೇಕು, ಎಲ್ಲಿ ಇಡಬೇಕು, ಅದರ ಲೆಕ್ಕ ಯಾರರ ಒಪ್ಪತಾರೇನು? ಬಲ್ಲವರು ಹೇಳ್ರಿ.

ಸೆನ್ಸರ್ ಸುಬ್ಬಣ್ಣ:
ಪುರಾವೆಗೆ ಅಂತ ತರೋದಾದ್ರೆ ತರಬೇಡಿ. ಆನ್‌ಲೈನಲ್ಲಿ ಸಿಗೋ ಅಗ್ಗದ ಮಷಿನ್‌ಗಳಲ್ಲಿ ಹೆಚ್ಚಿನವುಗಳ ಒಳಗೆ ಪಿಎಂಎಸ್5003 ಅಥವಾ ಎಸ್‌ಡಿಎಸ್011 ಅನ್ನೋ ಲೇಸರ್ ಸೆನ್ಸರ್ ಇರುತ್ತೆ. ಹೊಗೆಯ ಸಣ್ಣ ಕಣ ಅವು ಚೆನ್ನಾಗಿ ಎಣಿಸ್ತವೆ. ನಿಮ್ಮ ಕರಿಪುಡಿ ಬೇರೆ ಜಾತಿ. ಮಾಳಿಗೆ ಮೇಲೆ ಕಣ್ಣಿಗೆ ಕಾಣ್ತಿದೆ ಅಂದ್ರೆ ಬಹುಪಾಲು 10 ಮೈಕ್ರಾನಿಗಿಂತ ದಪ್ಪ. ಆ ಪುಟ್ಟ ಫ್ಯಾನ್ ಎಳೆತಕ್ಕೆ ಅಷ್ಟು ದಪ್ಪ ಕಣ ಒಳಗೇ ಹೋಗಲ್ಲ. ಸೆನ್ಸರ್ 40 ತೋರಿಸ್ತಿರುತ್ತೆ, ಪಕ್ಕದಲ್ಲಿ ತಟ್ಟೆ ಕರ್ರಗಾಗಿರುತ್ತೆ. ಆಮೇಲೆ ಅದೇ 40 ಹಿಡ್ಕೊಂಡು ಎದುರು ಪಾರ್ಟಿ ವಾದ ಮಾಡುತ್ತೆ. ಮಳೆಗಾಲದಲ್ಲಿ ಉಲ್ಟಾ: ತೇವಾಂಶ ಶೇ 80 ದಾಟಿದ್ರೆ ನೀರಿನ ಹನಿಯನ್ನೂ ಧೂಳು ಅಂತ ಎಣಿಸಿ ಜಾಸ್ತಿ ತೋರಿಸುತ್ತೆ.

ತಂದೇ ತರ್ತೀರಿ ಅಂದ್ರೆ ಎರಡು ತನ್ನಿ, ಒಂದು ಗಾಳಿ ಬರೋ ದಿಕ್ಕಿಗೆ, ಒಂದು ಹೋಗೋ ದಿಕ್ಕಿಗೆ. ಎರಡೆರಡು ನಿಮಿಷಕ್ಕೆ ರೀಡಿಂಗ್ ಉಳಿಸೋ ಹಾಗೆ ಹೊಂದಿಸಿ. ಎಷ್ಟು ಅನ್ನೋದನ್ನ ಬಿಟ್ಟು ಯಾವಾಗ ಅನ್ನೋದಕ್ಕಷ್ಟೇ ಬಳಸಿ. ರಾತ್ರಿ 1:40ಕ್ಕೆ ಒಂದೇ ಕಡೆ ಏರಿ 2:30ಕ್ಕೆ ಇಳಿದಿದೆ ಅನ್ನೋದು ಉಪಯೋಗದ ಮಾಹಿತಿ. ಅದು ತಕ್ಕಡಿ ಅಲ್ಲ, ಗಡಿಯಾರ.

ಗಾಂಧಿಬಜಾರ್ ಗೊಜ್ಜು:
ಫೋನಲ್ಲೇ ಎಕ್ಯುಐ (ಗಾಳಿ ಗುಣಮಟ್ಟದ ಅಂಕಿ) ಬರುತ್ತಲ್ಲ? ಈಗ ನೋಡಿದೆ, ಕೊಪ್ಪಳ 62, ‘ತೃಪ್ತಿಕರ’ ಅಂತಿದೆ.

ಸೆನ್ಸರ್ ಸುಬ್ಬಣ್ಣ:
ಗೊಜ್ಜು ಅವರೇ, ಆ ಸ್ಟೇಷನ್ ಇರೋದು ಕೊಪ್ಪಳ ಪಟ್ಟಣದ ದಿವಟರ್ ನಗರದಲ್ಲಿ. ಕಿಲ್ನ್ ಪಕ್ಕದ ಊರಿನ ಗಾಳಿ ಅದರ ಮೂಗಿಗೆ ಬರಲ್ಲ. ಸುತ್ತಲಿನ ಹಳ್ಳಿಗೆ ಆ್ಯಪ್ ತೋರಿಸೋದು ಅದೇ ಅಂಕಿಯನ್ನ, ಇಲ್ಲಾ ಉಪಗ್ರಹದ ಅಂದಾಜನ್ನ.

ಇನ್ನೊಂದು ಲೆಕ್ಕ ನೋಡಿ. 2009ರ ರಾಷ್ಟ್ರೀಯ ಮಾನದಂಡದಲ್ಲಿ ಪಿಎಂ10ಕ್ಕೆ (10 ಮೈಕ್ರಾನ್ ಒಳಗಿನ ಸಣ್ಣ ಧೂಳು) 24 ಗಂಟೆ ಸರಾಸರಿ ಮಿತಿ ಘನಮೀಟರಿಗೆ 100 ಮೈಕ್ರೋಗ್ರಾಂ. ದಿನಕ್ಕೆ 22 ಗಂಟೆ 60 ಇದ್ದು, ರಾತ್ರಿ 2 ಗಂಟೆ 500 ಇತ್ತು ಅಂತಿಟ್ಕೊಳ್ಳಿ. ಸರಾಸರಿ ಎಷ್ಟು? 96.7. ಮಿತಿಯೊಳಗೆ! ಕಾಗದ ಸುಳ್ಳು ಹೇಳ್ತಿಲ್ಲ, ನಾವು ಕೇಳಿದ ಪ್ರಶ್ನೆಯೇ ಸರಿಯಿಲ್ಲ.

ಕುಲುಮೆ ಕಾಯೋನು:
ಸುಬ್ಬಣ್ಣನವರ ಕೊನೇ ಸಾಲು ಎಲ್ಲರೂ ಇನ್ನೊಂದ್ಸಲ ಓದಿ. ಗಾಳಿ ಅಳೆಯೋದರ ಹಿಂದೆ ಬಿದ್ದು ವರ್ಷಗಟ್ಟಲೆ ಹೋಗುತ್ತೆ. ಪುರಾವೆ ಇರೋದು ಕಾರ್ಖಾನೆ ಒಳಗಿನ ದಾಖಲೆಯಲ್ಲಿ. ಯಾಕೆ ಅಂತ ಅರ್ಥ ಆಗೋಕೆ ಅನಿಲ ಓಡೋ ದಾರಿ ಗೊತ್ತಿರಬೇಕು.

ಕಿಲ್ನ್ ಒಳಗೆ ಅದಿರು, ಕಲ್ಲಿದ್ದಲು, ಸ್ವಲ್ಪ ಡೋಲೊಮೈಟ್. ಒಳಗಿನ ಬಿಸಿ ಸುಮಾರು 1000 ಡಿಗ್ರಿ. ಹೊರಬರೋ ಅನಿಲದಲ್ಲಿ ಧೂಳಿನ ಜೊತೆ ಕಾರ್ಬನ್ ಮೊನಾಕ್ಸೈಡ್ ಇರುತ್ತೆ. ಮೊದಲು ಧೂಳು ಕೂರೋ ಚೇಂಬರ್, ಆಮೇಲೆ ಎಬಿಸಿ ಅಂತಾರಲ್ಲ, ಉಳಿದ ಅನಿಲವನ್ನ ಸುಡೋ ಕೋಣೆ. ಅಲ್ಲಿಂದ ಬಾಯ್ಲರ್ ಅಥವಾ ನೀರು ಸಿಂಪಡಿಸಿ ತಣಿಸೋ ಟವರ್. ನಂತರ ಇಎಸ್‌ಪಿ (ವಿದ್ಯುತ್ತಿನಿಂದ ಧೂಳು ಹಿಡಿಯೋ ಯಂತ್ರ), ಐಡಿ ಫ್ಯಾನ್ (ಅನಿಲ ಎಳೆಯೋ ಫ್ಯಾನ್), ಕೊನೆಗೆ ಚಿಮಣಿ. ಎಬಿಸಿಯ ನೆತ್ತಿ ಮೇಲೆ ಒಂದು ಮುಚ್ಚಳ ಇರುತ್ತೆ, ಎಲ್ಲರೂ ಕರೆಯೋದು ‘ಕ್ಯಾಪ್’ ಅಂತ. ಕ್ಯಾಪ್ ಎತ್ತಿದ್ರೆ ಅನಿಲ ಇಎಸ್‌ಪಿಗೆ ಹೋಗೋದೇ ಇಲ್ಲ, ಅಲ್ಲಿಂದಲೇ ನೇರ ಆಕಾಶಕ್ಕೆ.

ಗಮ್ಮತ್ತು ಇಲ್ಲಿದೆ. ಮಾಲಿನ್ಯ ಮಂಡಳಿಯ ಸರ್ವರ್‌ಗೆ ಅಂಕಿ ಕಳಿಸೋ ಆನ್‌ಲೈನ್ ಮಾಪಕ ಕೂತಿರೋದು ಇಎಸ್‌ಪಿ ದಾಟಿದ ಮೇಲೆ, ಚಿಮಣಿಯಲ್ಲಿ. ಕ್ಯಾಪ್ ತೆರೆದಾಗ ಚಿಮಣಿಗೆ ಅನಿಲವೇ ಬರಲ್ಲ, ಹಾಗಾಗಿ ಧೂಳಿನ ಅಂಕಿ ಕಮ್ಮಿಯಾಗುತ್ತೆ. ಊರಿಗೆ ಅತಿ ಕೆಟ್ಟ ಗಳಿಗೆ ಸರ್ವರ್‌ನಲ್ಲಿ ಅತಿ ಒಳ್ಳೆ ಗಳಿಗೆಯಾಗಿ ದಾಖಲಾಗುತ್ತೆ.

ಹಿರೇಹಳ್ಳದ ದಂಡಿ:
ಹಂಗಾದ್ರ ಆನ್‌ಲೈನ್ ಲೆಕ್ಕ ತಗೊಂಡು ಏನ್ ಮಾಡೋದ್ರಿ ಅಣ್ಣಾ?

ಕುಲುಮೆ ಕಾಯೋನು:
ಧೂಳಿನ ಅಂಕಿ ಒಂದನ್ನೇ ತಗೋಬೇಡಿ. ಅದರ ಪಕ್ಕದಲ್ಲಿ ಚಿಮಣಿಯ ತಾಪಮಾನ, ಅನಿಲದ ಹರಿವು, ಐಡಿ ಫ್ಯಾನಿನ ಆಂಪಿಯರ್ ಕೇಳಿ. ಕಿಲ್ನ್ ಓಡ್ತಿದೆ, ಫೀಡ್ (ಅದಿರು, ಕಲ್ಲಿದ್ದಲು) ಒಳಗೆ ಹೋಗ್ತಿದೆ, ಆದ್ರೆ ರಾತ್ರಿ 1ರಿಂದ 3ರವರೆಗೆ ಚಿಮಣಿ ತಣ್ಣಗಾಗಿದೆ, ಹರಿವು ಬಿದ್ದಿದೆ ಅಂದ್ರೆ ಅನಿಲ ಬೇರೆ ಎಲ್ಲಿಂದ ಹೋಯ್ತು? ಇರೋದು ಒಂದೇ ಬಾಗಿಲು.

ಎರಡನೇದು ಇಎಸ್‌ಪಿಯ ವಿದ್ಯುತ್. ಸ್ಪಾಂಜ್ ಐರನ್‌ಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿಯಲ್ಲೇ ಮಾಲಿನ್ಯ ನಿಯಂತ್ರಣ ಉಪಕರಣಕ್ಕೆ ಪ್ರತ್ಯೇಕ ಮೀಟರ್ ಇರಬೇಕು ಅಂತಿದೆ. ಆ ಮೀಟರಿನ ಶಿಫ್ಟ್‌ವಾರು ರೀಡಿಂಗ್ ಇದ್ರೆ ಹಗಲು ಎಷ್ಟು ಯೂನಿಟ್, ರಾತ್ರಿ ಎಷ್ಟು ಅಂತ ಒಂದೇ ನೋಟಕ್ಕೆ ತಿಳಿಯುತ್ತೆ. ಜೆಸ್ಕಾಂ ಬಿಲ್ ಕೇಳೋಕೆ ಹೋಗ್ಬೇಡಿ, ಬಾಯ್ಲರ್ ಇರೋ ಘಟಕ ಸ್ವಂತ ಕರೆಂಟ್ ಮಾಡ್ಕೊಳ್ಳುತ್ತೆ, ಅದು ಆ ಬಿಲ್ಲಿನಲ್ಲಿ ಕಾಣಲ್ಲ.

ಶಿಫ್ಟ್ ಇನ್‌ಚಾರ್ಜ್:
ಎಲ್ಲಾ ಓದಿದೆ. ಕ್ಯಾಪ್ ಇರೋದು ಕಳ್ಳತನಕ್ಕಲ್ಲ ಸ್ವಾಮಿ, ಜೀವ ಉಳಿಸೋಕೆ. ಕರೆಂಟ್ ಹೋಗಿ ಐಡಿ ಫ್ಯಾನ್ ನಿಂತಾಗ ಕ್ಯಾಪ್ ತೆರೀಲಿಲ್ಲ ಅಂದ್ರೆ ಅನಿಲ ಹಿಂದಕ್ಕೆ ನುಗ್ಗುತ್ತೆ, ಕಿಲ್ನ್ ಬಾಯಲ್ಲಿರೋ ಕಾರ್ಮಿಕ ಸುಟ್ಟುಹೋಗ್ತಾನೆ. ಸುಡದೆ ಉಳಿದ ಕಾರ್ಬನ್ ಮೊನಾಕ್ಸೈಡ್ ಇಎಸ್‌ಪಿಗೆ ಹೋದ್ರೆ ಒಳಗಿನ ಕಿಡಿಗೆ ಸ್ಫೋಟ ಆಗುತ್ತೆ. ಕಿಲ್ನ್ ಹೊಸದಾಗಿ ಹೊತ್ತಿಸುವಾಗಲೂ ತೆರೆಯಲೇಬೇಕು. ಕ್ಯಾಪ್ ತೆರೆದಿದ್ದೆಲ್ಲಾ ಮೋಸ ಅಂತ ಬರೆದ್ರೆ ವಿಷಯ ಗೊತ್ತಿರೋರು ನಗ್ತಾರೆ.

ಕುಲುಮೆ ಕಾಯೋನು:
ಇನ್‌ಚಾರ್ಜ್ ಸರ್, ನೀವು ಹೇಳಿದ ಮೂರೂ ಕಾರಣ ನಿಜ. ಆದ್ರೆ ಮೂರಕ್ಕೂ ದಾಖಲೆ ಇರುತ್ತೆ: ಟ್ರಿಪ್ ಆದ ಸಮಯ, ಫೀಡ್ ನಿಲ್ಲಿಸಿದ ಸಮಯ, ಮತ್ತೆ ಶುರು ಮಾಡಿದ ಸಮಯ. ತುರ್ತು ಅಂದ್ಮೇಲೆ ಫೀಡ್ ನಿಲ್ಲಬೇಕು ತಾನೆ? ಕ್ಯಾಪ್ ತೆರೆದೂ ಫೀಡ್ ಓಡ್ತಿದ್ರೆ ಅದನ್ನ ತುರ್ತು ಅನ್ನೋದು ಹೇಗೆ? ಆ ತುರ್ತು ಪ್ರತಿ ರಾತ್ರಿ ಒಂದೇ ಹೊತ್ತಿಗೆ ಬರುತ್ತಾ?

ಗಾತ್ರದ ಅಂದಾಜು ಬೇಕಾದವರಿಗೆ: ದಿನಕ್ಕೆ 100 ಟನ್ ಕಿಲ್ನಿನಿಂದ ಗಂಟೆಗೆ ಸುಮಾರು 24,000 ಘನಮೀಟರ್ ಅನಿಲ. ಚಿಮಣಿ ಮಿತಿ ಘನಮೀಟರಿಗೆ 100 ಮಿಲಿಗ್ರಾಂ. ಅಂದ್ರೆ ಮಿತಿಯ ಅಂಚಿನಲ್ಲಿ ಓಡಿದ್ರೂ ಗಂಟೆಗೆ 2.4 ಕೆಜಿ, ದಿನಕ್ಕೆ 58 ಕೆಜಿ ಹತ್ತಿರ. ಇಎಸ್‌ಪಿಗೆ ಮುಂಚಿನ ಅನಿಲದಲ್ಲಿ ಧೂಳು ಇರೋದು ಗ್ರಾಂ ಲೆಕ್ಕದಲ್ಲಿ. 20 ಗ್ರಾಂ ಅಂತ ಹಿಡೀರಿ, ಅರ್ಧ ಗಂಟೆ ಕ್ಯಾಪ್ ತೆರೆದ್ರೆ 240 ಕೆಜಿ. ನಾಲ್ಕು ದಿನದ ಕಾನೂನುಬದ್ಧ ಧೂಳು ಅರ್ಧ ಗಂಟೆಯಲ್ಲಿ.

ಶಿಫ್ಟ್ ಇನ್‌ಚಾರ್ಜ್:
20 ಗ್ರಾಂ ನಿಮ್ಮ ಊಹೆ. ಐಡಿ ಫ್ಯಾನ್ ಎಳೆತ ಇಲ್ಲದಿದ್ರೆ ಹರಿವೂ ಅಷ್ಟಿರಲ್ಲ.

ಕುಲುಮೆ ಕಾಯೋನು:
ಅರ್ಧ ಮಾಡ್ಕೊಳ್ಳಿ, ಎರಡು ದಿನದ್ದಾಯ್ತು. ಅದೂ 40-50 ಮೀಟರ್ ಚಿಮಣಿ ತುದಿಯಿಂದಲ್ಲ, ಅದಕ್ಕಿಂತ ಕೆಳಗಿನ ಬಾಯಿಂದ. ಚಳಿಗಾಲದ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಮೇಲಿನ ಬೆಚ್ಚನೆ ಪದರ ಅದನ್ನ ಅದುಮಿ ಹಿಡಿದಿರುತ್ತೆ. ನವೆಂಬರಿಂದ ಫೆಬ್ರುವರಿ ತನಕ ದೂರು ಜಾಸ್ತಿಯಾಗೋದು ಅದಕ್ಕೇ.

ಇನ್ನೊಂದು, ಎಲ್ಲರೂ ‘ಕರೆಂಟ್ ಉಳಿಸೋಕೆ ಇಎಸ್‌ಪಿ ಆಫ್ ಮಾಡ್ತಾರೆ’ ಅಂತಾರೆ. ಅದು ಅರ್ಧ ಕಾರಣ. ಇಎಸ್‌ಪಿ ಹಿಡಿದ ಬೂದಿ ಹಾಪರಿನಲ್ಲಿ ತುಂಬುತ್ತೆ, ಅದನ್ನ ಲಾರಿಗೆ ಹಾಕಿ ಸಾಗಿಸ್ಬೇಕು, ಹಾಕೋಕೆ ಜಾಗ ಬೇಕು. ತೆಗೆಯದೆ ಬಿಟ್ರೆ ಬೂದಿ ಪ್ಲೇಟಿನವರೆಗೆ ಏರಿ ಆ ಫೀಲ್ಡ್ (ಇಎಸ್‌ಪಿಯ ಒಂದು ಭಾಗ) ಶಾರ್ಟ್ ಆಗುತ್ತೆ. ಮೂರು ಫೀಲ್ಡಿನಲ್ಲಿ ಒಂದು ಸತ್ತಿದ್ರೂ ಹೊರಗಿನಿಂದ ಇಎಸ್‌ಪಿ ‘ಚಾಲು’ ಅಂತಲೇ ಕಾಣುತ್ತೆ. ಹಾಗಾಗಿ ಪ್ರತಿ ಫೀಲ್ಡಿನ ಕಿಲೋವೋಲ್ಟ್, ಮಿಲಿಆಂಪಿಯರ್ ಲಾಗ್ ಕೇಳಿ. ಬೂದಿ ಸಾಗಿಸಿದ ರಿಜಿಸ್ಟರನ್ನೂ ಕೇಳಿ. ಉತ್ಪಾದನೆಗೆ ತಕ್ಕಷ್ಟು ಬೂದಿ ಹೊರಗೆ ಹೋಗಿಲ್ಲ ಅಂದ್ರೆ ಅದು ಊರಿನ ಮೇಲೆ ಬಿದ್ದಿರಬಹುದು.

ಎರೆಹೊಲ:
ಚಿಮಣಿ ಒಂದ ಅಲ್ರಿ. ಕೂಲರ್ ಬಾಯಿ, ಜರಡಿ ಹಿಡಿಯೋ ಮನಿ, ಕಲ್ಲಿದ್ದಲು ಪುಡಿ ಮಾಡೋ ಜಾಗ, ಬೆಲ್ಟಿನಿಂದ ಬೆಲ್ಟಿಗೆ ಮಾಲು ಬೀಳೋ ಜಾಗ, ಅಲ್ಲಿಂದ್ಲೂ ಹಾರತೈತಿ. ಆಮ್ಯಾಲೆ ಚಾರ್ (ಪೂರ್ತಿ ಸುಡದ ಕಲ್ಲಿದ್ದಲು) ಲಾರಿ, ತಾಡಪಲ್ ಇಲ್ಲದ ಓಡ್ತಾವು.

ಕುಲುಮೆ ಕಾಯೋನು:
ಸರಿಯಾಗಿ ಹೇಳಿದ್ರಿ. ಆ ಜಾಗಗಳಿಗೆ ಬ್ಯಾಗ್ ಫಿಲ್ಟರ್ ಇರ್ಬೇಕು. ತಪಾಸಣೆಗೆ ಹೋದವರು ಒಂದೇ ಗೇಜ್ ನೋಡಲಿ: ಫಿಲ್ಟರಿನ ಆಚೆ ಈಚೆ ಒತ್ತಡದ ವ್ಯತ್ಯಾಸ. 100-150 ಮಿ.ಮೀ. ನೀರಿನ ಮಟ್ಟ ಇದ್ರೆ ಆರೋಗ್ಯವಾಗಿದೆ. 200 ದಾಟಿದ್ರೆ ಚೀಲ ಕಟ್ಟಿಕೊಂಡಿದೆ. 20-30ಕ್ಕೆ ಇಳಿದಿದ್ರೆ ಚೀಲ ಹರಿದಿದೆ ಅಥವಾ ಬಿಚ್ಚಿಟ್ಟಿದ್ದಾರೆ.

ಬಿಳಿಹಾಳೆ:
ತಾಂತ್ರಿಕ ಮಾತು ಸಾಕಷ್ಟಾಯ್ತು, ಕಾಗದದ ಕಡೆ ಬರೋಣ. ವಾಯು ಕಾಯ್ದೆ 1981ರ 51ನೇ ಸೆಕ್ಷನ್ ಪ್ರಕಾರ ಒಪ್ಪಿಗೆ ಕೊಟ್ಟ ಕಾರ್ಖಾನೆಗಳ ರಿಜಿಸ್ಟರ್ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿರಬೇಕು, ಆಸಕ್ತಿ ಇರೋ ಯಾರು ಬೇಕಾದ್ರೂ ನೋಡಬಹುದು. ಮೊದಲು ಅಲ್ಲಿಂದ ಸಿಎಫ್‌ಒ (ಕಾರ್ಖಾನೆ ನಡೆಸೋಕೆ ಕೊಟ್ಟ ಒಪ್ಪಿಗೆ) ಷರತ್ತು ತೆಗೀರಿ. ಕ್ಯಾಪ್ ಬಗ್ಗೆ, ಪ್ರತ್ಯೇಕ ಮೀಟರ್ ಬಗ್ಗೆ ಅದರಲ್ಲೇ ಬರೆದಿದ್ರೆ ನೀವು ಕಾನೂನು ವಿವರಿಸೋ ಕೆಲಸವೇ ಇಲ್ಲ, ಷರತ್ತಿನ ಸಂಖ್ಯೆ ಹಾಕಿ ‘ಇದರ ಪಾಲನೆ ದಾಖಲೆ ಕೊಡಿ’ ಅಂತ ಕೇಳಿದ್ರೆ ಸಾಕು.

ಪರಿಸರ ಅನುಮತಿ ಪಡೆದ ಘಟಕವಾದ್ರೆ ಜೂನ್ 1, ಡಿಸೆಂಬರ್ 1ಕ್ಕೆ ಆರು ತಿಂಗಳ ಪಾಲನಾ ವರದಿ ಕೊಡಬೇಕು, ಅದು ಸಾರ್ವಜನಿಕ ದಾಖಲೆ. ಸೆಪ್ಟೆಂಬರ್ 30ರೊಳಗೆ ಫಾರ್ಮ್ 5 ಪರಿಸರ ಹೇಳಿಕೆ. ಅದರಲ್ಲಿ ಕಚ್ಚಾ ಮಾಲು ಎಷ್ಟು, ಘನತ್ಯಾಜ್ಯ ಎಷ್ಟು ಅಂತ ಅವರೇ ಬರೆದಿರ್ತಾರೆ. ಕುಲುಮೆ ಅವರು ಹೇಳಿದ ಬೂದಿ ಲೆಕ್ಕ ಅಲ್ಲಿಂದಲೇ ಹಾಕಬಹುದು.

ಮಂಡಳಿಯವರು ಚಿಮಣಿ ಸ್ಯಾಂಪಲ್ ತೆಗೆದ ದಿನದ ಫೀಡ್ ಲಾಗನ್ನೂ ತಪ್ಪದೆ ಕೇಳಿ. ಚಿಮಣಿ ಹತ್ತಿ ಸ್ಯಾಂಪಲ್ ತೆಗೆಯೋಕೆ ಹೊತ್ತು ಹಿಡಿಯುತ್ತೆ, ಅಷ್ಟರಲ್ಲಿ ಫೀಡ್ ಇಳಿಸಬಹುದು. ಶೇ 60ರ ಫೀಡಿನಲ್ಲಿ ತೆಗೆದ ಅಂಕಿ ಪೂರ್ತಿ ಉತ್ಪಾದನೆಯ ರಾತ್ರಿಗೆ ಅನ್ವಯಿಸಲ್ಲ.

ಹಿರೇಹಳ್ಳದ ದಂಡಿ:
ಮೇಡಂ, ಮಾಳಗಿ ಮ್ಯಾಲಿನ ಪುಡಿ ಕೂಡಿಸಿ ಡಿಸಿ ಆಫೀಸಿಗೆ ಒಯ್ದು ಸುರಿದ್ರ?

ಬಿಳಿಹಾಳೆ:
ಫೋಟೊ ಬರುತ್ತೆ, ಪುರಾವೆ ಆಗಲ್ಲ.

ಸೆನ್ಸರ್ ಸುಬ್ಬಣ್ಣ:
ಪುಡಿಯನ್ನ ಪುರಾವೆ ಮಾಡೋ ದಾರಿ ಇದೆ, ಖರ್ಚೂ ಕಮ್ಮಿ. ಗಾಳಿ ಮಾಲಿನ್ಯ ಅಳೆಯೋ ಭಾರತೀಯ ಮಾನಕ ಐಎಸ್ 5182ರ ಮೊದಲ ಭಾಗದಲ್ಲಿರೋ ಧೂಳು ಬೀಳುವಿಕೆ ಜಾಡಿ. 20 ಸೆಂ.ಮೀ. ಬಾಯಿಯ ನೇರ ಗೋಡೆಯ ಪಾತ್ರೆ ತಗೊಳ್ಳಿ. ಮರ, ಒಲೆ ಹೊಗೆ, ರಸ್ತೆಯಿಂದ ದೂರ ಕಂಬದ ಮೇಲೆ ಇಡಿ. ಒಳಗೆ ಡಿಸ್ಟಿಲ್ಡ್ ವಾಟರ್, ಪಾಚಿ ಕಟ್ಟದ ಹಾಗೆ ಚಿಟಿಕೆ ಮೈಲುತುತ್ತ, ಹಕ್ಕಿ ಕೂರದ ಹಾಗೆ ಮೇಲೆ ಅಗಲ ಕಣ್ಣಿನ ಜಾಲರಿ. 30 ದಿನ ಬಿಡಿ. ನೀರು ಪೂರ್ತಿ ಆರೋಕೆ ಬಿಡಬೇಡಿ, ಒಣಗಿದ ಧೂಳು ಗಾಳಿಗೆ ಎದ್ದು ಹೋಗುತ್ತೆ. ಆಮೇಲೆ ಮೊದಲೇ ತೂಕ ಮಾಡಿಟ್ಟ ಫಿಲ್ಟರ್ ಪೇಪರಲ್ಲಿ ಸೋಸಿ, 105 ಡಿಗ್ರಿಯಲ್ಲಿ ಒಣಗಿಸಿ, ತೂಗಬೇಕು. ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಆಗುತ್ತೆ.

ಬಾಯಿಯ ವಿಸ್ತೀರ್ಣ 0.0314 ಚದರ ಮೀಟರ್. ಒಂದು ಗ್ರಾಂ ಸಿಕ್ಕಿದ್ರೆ ತಿಂಗಳಿಗೆ ಚದರ ಮೀಟರಿಗೆ 31.8 ಗ್ರಾಂ, ಅಂದ್ರೆ ಚದರ ಕಿ.ಮೀ.ಗೆ 31.8 ಟನ್. ಊರಿನೊಳಗೆ ಮೂರು ಜಾಡಿ ಇಡಿ, 15 ಕಿ.ಮೀ. ಆಚೆ ಕಾರ್ಖಾನೆ ಇಲ್ಲದ ಊರಲ್ಲಿ ಒಂದಿಡಿ. ಆ ನಾಲ್ಕನೇದು ಇಲ್ಲದಿದ್ರೆ ಉಳಿದ ಮೂರಕ್ಕೆ ಬೆಲೆ ಇಲ್ಲ.

ಗಾಂಧಿಬಜಾರ್ ಗೊಜ್ಜು:
ಅಷ್ಟೆಲ್ಲಾ ಯಾಕೆ, ಅಯಸ್ಕಾಂತ ಹಿಡಿದ್ರೆ ಗೊತ್ತಾಗಲ್ವಾ? ಅಂಟಿಕೊಂಡ್ರೆ ಕಾರ್ಖಾನೇದು.

ಸೆನ್ಸರ್ ಸುಬ್ಬಣ್ಣ:
ಅಷ್ಟು ಸುಲಭ ಇಲ್ಲ. ಎರೆಮಣ್ಣಿನಲ್ಲೂ ಕಾಂತಕ್ಕೆ ಅಂಟೋ ಕಣ ಇರ್ತವೆ. ಕೆಂಪು ಅದಿರಿನ ಧೂಳು ಅಷ್ಟಾಗಿ ಅಂಟಲ್ಲ, ಚಾರ್ ಅಂತೂ ಅಂಟೋದೇ ಇಲ್ಲ. ಅಂಟಿದ್ದರ ಪಾಲು ಎಷ್ಟು ಅಂತ ಆ ದೂರದ ಊರಿನ ಜಾಡಿ ಜೊತೆ ಹೋಲಿಸಿದ್ರೆ ಮಾತ್ರ ಅರ್ಥ. ಇನ್ನೊಂದು ಎಚ್ಚರ: ಧೂಳು ಬೀಳುವಿಕೆಗೆ ನಮ್ಮ ದೇಶದಲ್ಲಿ ರಾಷ್ಟ್ರೀಯ ಮಿತಿ ಇಲ್ಲ. ‘ಉಲ್ಲಂಘನೆ’ ಅನ್ನೋ ಪದ ಹಾಕಬೇಡಿ, ‘ಇಷ್ಟು ಪಟ್ಟು ಹೆಚ್ಚು’ ಅಂತ ಬರೀರಿ.

ಚೆಂಬೂರು ಕನ್ನಡಿಗ:
ಮುಂಬಯಿ ಮಾಹುಲ್‌ನದ್ದೂ ಇದೇ ಥರದ ಜಗಳ. ತಾನ್ಸಾ ಪೈಪ್‌ಲೈನ್ ಪಕ್ಕದ ಗುಡಿಸಲು ಕೆಡವಿ ಜನರನ್ನ ರಿಫೈನರಿ ಪಕ್ಕದ ಕಟ್ಟಡಗಳಿಗೆ ತಂದು ಹಾಕಿದ್ರು. 2015ರಲ್ಲೇ ಹಸಿರು ನ್ಯಾಯಮಂಡಳಿ ಅಲ್ಲಿನ ಗಾಳಿ ಆರೋಗ್ಯಕ್ಕೆ ಅಪಾಯ ಅಂದಿತ್ತು. 2019ರಲ್ಲಿ ಬಾಂಬೆ ಹೈಕೋರ್ಟ್, ಬೇರೆ ಮನೆ ಕೊಡೋವರೆಗೆ ತಿಂಗಳಿಗೆ 15,000 ರೂಪಾಯಿ ಬಾಡಿಗೆ ಕೊಡಿ ಅಂತು. ಕೊಪ್ಪಳದಲ್ಲಿ ಕಾರ್ಖಾನೆ ಊರಿನ ಹತ್ರ ಬಂತು, ಇಲ್ಲಿ ಸರ್ಕಾರವೇ ಬಡವರನ್ನ ಕಾರ್ಖಾನೆ ಹತ್ರ ಸಾಗಿಸ್ತು. ಆದ್ರೆ ಇಲ್ಲಿರೋದು ವಾಸನೆಯ ಅನಿಲ, ಜಾಡಿಗೀಡಿ ಉಪಯೋಗಕ್ಕೆ ಬರಲ್ಲ. ಅದಕ್ಕೆ ಬಕೆಟ್ ಒಳಗೆ ಟೆಡ್ಲಾರ್ (ಅನಿಲ ಸೋರದ ಪ್ಲಾಸ್ಟಿಕ್) ಚೀಲ ಇಟ್ಟು ಗಾಳಿ ಹಿಡಿಯೋ ವಿಧಾನ, ತಮಿಳುನಾಡಿನ ಕಡಲೂರು ಸಿಪ್ಕಾಟ್ ಊರಿನವರು 2004ರಲ್ಲೇ ಮಾಡಿ ತೋರಿಸಿದ್ರು.

ಶಿಫ್ಟ್ ಇನ್‌ಚಾರ್ಜ್:
ಕಾರ್ಖಾನೆ ಮುಚ್ಚಿಸಿ, ಆಮೇಲೆ ಊರಿನ ಹುಡುಗರು ದುಡಿಯೋಕೆ ಎಲ್ಲಿಗೆ ಹೋಗ್ಬೇಕು ಅದನ್ನೂ ಬರೀರಿ.

ಎರೆಹೊಲ:
ಮುಚ್ಚರಿ ಅಂತ ಮ್ಯಾಲೆ ಯಾರ್ ಬರದಾರ್ರಿ? ಹಗಲಿ ಓಡಿಸಿದಂಗ ರಾತ್ರಿನೂ ಓಡಸ್ರಿ ಅಂದದ್ದು. ಜರಡಿ ಮನಿ ಪಕ್ಕದ ಶೆಡ್ಡಿನಾಗ ಇರೋ ಒಡಿಶಾ, ಬಿಹಾರದ ಗುತ್ತಿಗಿ ಕೂಲಿಗೋಳ ಎದಿಗೂ ಅದ ಪುಡಿ ಹೋಗತೈತಿ. ಅವರ ಹೆಸರು ಇಲ್ಲಿ ಓಟರ್ ಲಿಸ್ಟಿನಾಗಿಲ್ಲ, ಸರ್ವೆಕ್ಕ ಬಂದವರೂ ಅವರನ್ನ ಕೇಳಂಗಿಲ್ಲ.

ಹತ್ತಿ ಬೆಳದವರಿಗೆ ಒಂದ್ ಮಾತು. ಅಳ್ಳಿ ಕರ್ರಗಾದ್ರ ಮಾರಾಟದಾಗ ದರಜೆ ಇಳಸ್ತಾರ. ಆ ಚೀಟಿ ಒಗೀಬ್ಯಾಡ್ರಿ. ಅದ ದಿನದ ಬಿಳಿ ಹತ್ತಿ ರೇಟ್ ಬರದಿಟ್ಕೊರಿ, ಎರಡರ ನಡುವಿನ ಫರಕ ನಿಮ್ಮ ನಷ್ಟ. ಬಿಡಿಸೋಕಿಂತ ಮೊದ್ಲ ಕೃಷಿ ಇಲಾಖೆಗೆ ಜಂಟಿ ಸರ್ವೆಕ್ಕ ಅರ್ಜಿ ಕೊಟ್ಟು ಪಂಚನಾಮಿ ಮಾಡಸ್ರಿ. ಬಿಡಿಸಿದ ಮ್ಯಾಲೆ ಹೊಲದಾಗ ಏನೂ ಉಳಿಯಂಗಿಲ್ಲ.

ಬಿಳಿಹಾಳೆ:
ಎರೆಹೊಲ ಅವರ ಚೀಟಿ ಮಾತು ಬಂಗಾರ. ಹಸಿರು ನ್ಯಾಯಮಂಡಳಿ ಕಾಯ್ದೆಯ 15ನೇ ಸೆಕ್ಷನ್‌ನಲ್ಲಿ ಪರಿಹಾರ ಕೇಳೋಕೆ 5 ವರ್ಷ ಅವಕಾಶ ಇದೆ. 14ನೇ ಸೆಕ್ಷನ್‌ನಲ್ಲಿ ಬರೀ ವಿವಾದ ಅಂತ ಹೋದ್ರೆ 6 ತಿಂಗಳು, ಕಾರಣ ತೋರಿಸಿದ್ರೆ ಇನ್ನೂ 60 ದಿನ. ಬಹಳ ಅರ್ಜಿ ಬೀಳೋದು ಈ ಆರು ತಿಂಗಳ ಲೆಕ್ಕದಲ್ಲೇ. ಪೀಠ ಚೆನ್ನೈ. ಬಿಪಿಎಲ್ ಕಾರ್ಡಿನವರಿಗೆ ಶುಲ್ಕ ಇಲ್ಲ.

ತಕ್ಷಣಕ್ಕೆ ಬೇಕಾದ್ರೆ ಹಳೇ ಸಿಆರ್‌ಪಿಸಿ 133, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 152. ಸಾರ್ವಜನಿಕ ಉಪದ್ರವ ಅಂತ ಎಸಿ (ಉಪವಿಭಾಗಾಧಿಕಾರಿ) ಮುಂದೆ ಅರ್ಜಿ. ‘ಇದು ಮಾಲಿನ್ಯ ಮಂಡಳಿ ವಿಷಯ, ನಮಗೆ ಬರಲ್ಲ’ ಅಂದ್ರೆ 2003ರ ಕೇಡಿಯಾ ಲೆದರ್ ತೀರ್ಪು ತೋರಿಸಿ. ವಾಯು ಕಾಯ್ದೆ ಇದ್ದ ಮಾತ್ರಕ್ಕೆ 133 ಸತ್ತಿಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ.

ಪೀಣ್ಯ ಪಾಳಿ:
ದಂಡ ಎಷ್ಟು ಬೀಳುತ್ತೆ ಮೇಡಂ? ದಂಡ ಕಟ್ಟೋದೇ ಅಗ್ಗ ಆದ್ರೆ ಯಾರು ತಾನೆ ಬದಲಾಗ್ತಾರೆ.

ಬಿಳಿಹಾಳೆ:
2024ರ ಏಪ್ರಿಲ್‌ನಿಂದ ವಾಯು ಕಾಯ್ದೆಯಲ್ಲಿ ಬಹುತೇಕ ಜೈಲು ತೆಗೆದು ದಂಡ ಮಾಡಿದ್ದಾರೆ, 10 ಸಾವಿರದಿಂದ 15 ಲಕ್ಷ. ಅದು ಬಿಟ್ಟು ಪರಿಸರ ಪರಿಹಾರ ಅಂತ ಕೇಂದ್ರ ಮಂಡಳಿಯ ಒಂದು ಸೂತ್ರ ಇದೆ. ಮಾಲಿನ್ಯ ಸೂಚ್ಯಂಕ, ಉಲ್ಲಂಘನೆಯ ದಿನಗಳು, ರೂಪಾಯಿ ಅಂಶ, ಘಟಕದ ಗಾತ್ರ, ಸ್ಥಳದ ಅಂಶ, ಐದನ್ನೂ ಗುಣಿಸೋದು. ಕೆಂಪು ವರ್ಗಕ್ಕೆ (ಹೆಚ್ಚು ಮಾಲಿನ್ಯ ಮಾಡೋ ಕಾರ್ಖಾನೆ) ಸೂಚ್ಯಂಕ 80, ರೂಪಾಯಿ ಅಂಶ ಸಾಮಾನ್ಯವಾಗಿ 250, ದೊಡ್ಡ ಘಟಕಕ್ಕೆ 1.5. ಕೊನೇದು ನೋಡಿ: ಹತ್ತು ಲಕ್ಷಕ್ಕಿಂತ ಕಮ್ಮಿ ಜನ ಇರೋ ಕಡೆ 1, ಒಂದು ಕೋಟಿ ದಾಟಿದ ನಗರದ ಹತ್ರ 2. ಅದೇ ಕಾರ್ಖಾನೆ, ಅದೇ ಹೊಗೆ, ಹಳ್ಳಿ ಪಕ್ಕ ದಿನಕ್ಕೆ 30,000 ರೂಪಾಯಿ, ಮಹಾನಗರದ ಪಕ್ಕ 60,000.

ಪೀಣ್ಯ ಪಾಳಿ:
ಅಂದ್ರೆ ಅಲ್ಲಾನಗರದವನ ಶ್ವಾಸಕೋಶಕ್ಕೆ ಸೂತ್ರದಲ್ಲೇ ಅರ್ಧ ರೇಟು. ಭೇಷ್.

ಶಿಫ್ಟ್ ಇನ್‌ಚಾರ್ಜ್:
ಜನ ಜಾಸ್ತಿ ಇದ್ದಲ್ಲಿ ಹಾನಿ ಜಾಸ್ತಿ, ಅದಕ್ಕೆ ಹಾಗೆ. ಇದರಲ್ಲಿ ಪಿತೂರಿ ಏನೂ ಇಲ್ಲ.

ಬಿಳಿಹಾಳೆ:
ಪಿತೂರಿ ಅಂತ ನಾನೂ ಹೇಳ್ತಿಲ್ಲ. ಆದ್ರೆ ಜನ ಕಮ್ಮಿ, ದಂಡ ಕಮ್ಮಿ, ಜಾಗ ಅಗ್ಗ ಅಂದ್ಮೇಲೆ ಮುಂದಿನ ಕಿಲ್ನ್ ಎಲ್ಲಿಗೆ ಬರುತ್ತೆ? ವಾಸದ ಊರಿನಿಂದ ಕನಿಷ್ಠ 1 ಕಿ.ಮೀ. ದೂರ ಇರಬೇಕು ಅನ್ನೋ ಸ್ಪಾಂಜ್ ಐರನ್ ನಿಯಮ ಇದೆ. ಆ ದೂರವನ್ನ ಅಳೆಯುವಾಗ ಕಂದಾಯ ಗ್ರಾಮದ ಹಳೇ ಊರಿನಿಂದ ಅಳೆದಿದ್ದಾರಾ, ತಾಂಡಾ, ಆಶ್ರಯ ಕಾಲನಿಯಿಂದ ಅಳೆದಿದ್ದಾರಾ ಅಂತ ನಕ್ಷೆ ತೆಗೆದು ನೋಡಿ.

ಹಿರೇಹಳ್ಳದ ದಂಡಿ:
ಮಷಿನ್ ರೊಕ್ಕದಾಗ ನಾಕು ಜಾಡಿ ತರ್ತೀವ್ರಿ. ಆರ್‌ಟಿಐ ನಾಳೆನ ಹಾಕೋದು. ಕ್ಯಾಪ್ ಲಾಗ್, ಇಎಸ್‌ಪಿ ಮೀಟರ್, ಚಿಮಣಿ ತಾಪಮಾನ, ಬೂದಿ ರಿಜಿಸ್ಟರ್ ಎಲ್ಲಾ ಒಂದ ಅರ್ಜಿಯಾಗ ಬರೀಲೇನು ಮೇಡಂ?

ಬಿಳಿಹಾಳೆ:
ಬೇಡ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಜಾಸ್ತಿ ಬರೆದ್ರೆ ಆ ನೆಪದಲ್ಲೇ ವಾಪಸ್ ಬರುತ್ತೆ. ನಾಲ್ಕು ಅರ್ಜಿ, ನಾಲ್ಕು ಬೇರೆ ಹೆಸರಲ್ಲಿ, ತಲಾ 10 ರೂಪಾಯಿ ಪೋಸ್ಟಲ್ ಆರ್ಡರ್. ‘ಇತ್ತೀಚಿನ’ ಅಂತ ಬರೀಬೇಡಿ, ನಿಮ್ಮ ಗಡಿಯಾರದ ಮಷಿನ್ ಇದ್ರೆ ಅದು ಏರಿಕೆ ತೋರಿಸಿದ ರಾತ್ರಿಗಳ ದಿನಾಂಕವನ್ನೇ ಹಾಕಿ. ‘ಮೂರನೇ ವ್ಯಕ್ತಿಯ ವಾಣಿಜ್ಯ ಗುಟ್ಟು’ ಅಂತ ನಿರಾಕರಿಸಿದ್ರೆ ಗಾಬರಿ ಆಗ್ಬೇಡಿ, 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಕ್ಯಾಪ್ ಎಷ್ಟು ಹೊತ್ತಿಗೆ ತೆರೀತು ಅನ್ನೋದು ಯಾವ ವ್ಯಾಪಾರದ ಗುಟ್ಟು ಅಂತ ಅಲ್ಲಿ ಕೇಳಿ.

ಎರೆಹೊಲ:
ಒಂದು ಅರ್ಜಿ ನನ್ನ ಹೆಸರಿಲೆ ಹಾಕ್ರಿ. ಪೋಸ್ಟಲ್ ಆರ್ಡರ್ ಗಿಣಿಗೇರಿ ಪೋಸ್ಟಿನಾಗ ಸಿಗಲಿಲ್ಲ ಅಂದ್ರ ಕೊಪ್ಪಳಕ್ಕ ಬರ್ತೀನಿ, ಅಲ್ಲೇ ತಗೊಳ್ಳೂಣು.